ಪ್ರತಿ ಗಂಟೆಯ 17ನೇ ನಿಮಿಷಕ್ಕೆ ಹ್ಯಾಂಗ್: ಬಿಟಿಆರ್‌ಎಫ್‌ಎಸ್ ಜೊತೆ ನನ್ನ ಅನುಭವ

ನನ್ನ ಕೆಲಸ ಪುಸ್ತಕಗಳ ಪುಟವಿನ್ಯಾಸ. ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇದೆ. ನುಡಿ ತಂತ್ರಾಂಶದಲ್ಲಿ ಮಾಡಿದ ಹಳೆಯ ಫೈಲುಗಳು ಈಗಲೂ ಬರುತ್ತಿರುತ್ತವೆ, ಅದಕ್ಕೆ ಅಂತ ವಿಂಡೋಸನ್ನು ಒಂದು ವರ್ಚುವಲ್ ಮೆಷೀನಿನಲ್ಲಿ (ಲಿನಕ್ಸಿನ ಒಳಗೇ ಓಡುವ ಇನ್ನೊಂದು ಕಂಪ್ಯೂಟರ್) ಇಟ್ಟುಕೊಂಡಿದ್ದೇನೆ. ಹೊಸ ಎಸ್‌ಎಸ್‌ಡಿ ಹಾಕಿಸಿದಾಗ ಇಎಕ್ಸ್‌ಟಿ4 ಬಿಟ್ಟು ಬಿಟಿಆರ್‌ಎಫ್‌ಎಸ್‌ಗೆ ಬಂದೆ. ಎರಡೂ ಫೈಲ್‌ಸಿಸ್ಟಮ್‌ಗಳು, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆಗಳು. ಆಸೆ ಇದ್ದದ್ದು ಸ್ನಾಪ್‌ಶಾಟ್ ಮೇಲೆ, ಅಂದರೆ ಫೈಲುಗಳ ಆ ಕ್ಷಣದ ಸ್ಥಿತಿಯನ್ನು ಹಾಗೆಯೇ ಹಿಡಿದಿಡುವ ಸೌಲಭ್ಯದ ಮೇಲೆ. ಅಪ್‌ಡೇಟ್ ಕೈಕೊಟ್ಟರೆ ನಿನ್ನೆಯ ಸ್ಥಿತಿಗೆ ವಾಪಸ್ ಹೋಗಬಹುದು. ಲಿನಕ್ಸ್ ಬಗೆಗಳಾದ ಓಪನ್‌ಸುಸೆ 2014ರಲ್ಲೇ, ಫೆಡೋರಾ ಡೆಸ್ಕ್‌ಟಾಪ್ 2020ರಲ್ಲಿ ಬಿಟಿಆರ್‌ಎಫ್‌ಎಸ್ ಅನ್ನು ಡಿಫಾಲ್ಟ್ ಮಾಡಿಕೊಂಡಿದ್ದರಿಂದ ಹೆದರಿಕೆಯೂ ಇರಲಿಲ್ಲ.

ಮೂರು ವಾರ ಚೆನ್ನಾಗಿತ್ತು. ಆಮೇಲೆ ಶುರುವಾಯಿತು. ಟೈಪ್ ಮಾಡುತ್ತಿದ್ದ ಹಾಗೆಯೇ ಅಕ್ಷರ ಮೂಡುವುದು ನಿಲ್ಲುತ್ತಿತ್ತು, ಮೌಸ್ ತಡೆದು ತಡೆದು ಚಲಿಸುತ್ತಿತ್ತು, ಫ್ಯಾನ್ ಜೋರಾಗಿ ತಿರುಗುತ್ತಿತ್ತು, ಎರಡು ಮೂರು ನಿಮಿಷ ಬಿಟ್ಟು ನಾನು ಒತ್ತಿದ್ದ ಅಷ್ಟೂ ಅಕ್ಷರಗಳು ಒಟ್ಟಿಗೆ ಬಂದು ಬೀಳುತ್ತಿದ್ದವು. ದಿನ ಕಳೆದಂತೆ ಅದು ಐದು ನಿಮಿಷವಾಯಿತು. ಎರಡು ಸಲ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದೆ. ಹಾಗೆ ಮಾಡಬೇಡಿ, ಕಾದರೆ ತಾನಾಗಿ ಸರಿಹೋಗುತ್ತದೆ.

ಮೊದಲು ಹಾರ್ಡ್‌ವೇರ್ ಮೇಲೆ ಅನುಮಾನ ಬಂತು. ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿದೆ, ರ‍್ಯಾಮ್ ಚೆನ್ನಾಗಿತ್ತು. ಎಸ್‌ಎಸ್‌ಡಿ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ ದೋಷವಿಲ್ಲ. ಸ್ಕ್ರಬ್ (ಡಿಸ್ಕಿನ ಡೇಟಾವನ್ನೆಲ್ಲ ಓದಿ ಪರೀಕ್ಷಿಸುವುದು) ಮಾಡಿದೆ, ಎರರ್ ಸೊನ್ನೆ. ಇಲ್ಲಿ ಒಂದು ಮಾತು. ಈ ಹಂತದಲ್ಲಿ ಯಾರಾದರೂ 'ಬಿಟಿಆರ್‌ಎಫ್‌ಎಸ್ ಚೆಕ್ ರಿಪೇರ್' ಎಂಬ ದುರಸ್ತಿ ಕಮಾಂಡ್ ಓಡಿಸಿ ಅಂದರೆ ದಯವಿಟ್ಟು ಓಡಿಸಬೇಡಿ. ಗೊತ್ತಿಲ್ಲದೆ ಬಳಸಿದರೆ ಚೆನ್ನಾಗಿರುವ ಡೇಟಾ ಕೂಡ ಹಾಳಾಗಬಹುದು.

ದಾರಿ ತೋರಿಸಿದ್ದು ಗಡಿಯಾರ. ಹ್ಯಾಂಗ್ ಆದಾಗಲೆಲ್ಲ ಸಮಯವನ್ನು ಚೀಟಿಯಲ್ಲಿ ಬರೆದಿಡಲು ಶುರುಮಾಡಿದೆ. 10:18, 11:17, 2:18. ಡೆಬಿಯನ್ ಕುಟುಂಬದ ಲಿನಕ್ಸ್‌ಗಳಲ್ಲಿ ಗಂಟೆಗೊಮ್ಮೆ ತಾನಾಗಿ ಓಡುವ ಕೆಲಸಗಳಿಗೆ (ಕ್ರಾನ್) 17ನೇ ನಿಮಿಷವನ್ನೇ ಗೊತ್ತುಮಾಡಿರುತ್ತಾರೆ. ಆ ಕೆಲಸಗಳನ್ನು ಇಡುವ ಫೋಲ್ಡರ್ ತೆರೆದರೆ ಸ್ನಾಪ್‌ಶಾಟ್ ತೆಗೆಯುವ ತಂತ್ರಾಂಶದ ಸ್ಕ್ರಿಪ್ಟ್ ಕೂತಿತ್ತು. ಪ್ರತಿ ಗಂಟೆ ಒಂದು ಹೊಸ ಸ್ನಾಪ್‌ಶಾಟ್ ತೆಗೆದು, ಮಿತಿ ದಾಟಿದ ಹಳೆಯದನ್ನು ಅಳಿಸುತ್ತಿತ್ತು.

ಆದರೆ ಸ್ನಾಪ್‌ಶಾಟ್ ಅಳಿಸಿದರೆ ಇಷ್ಟು ಹೊತ್ತು ಯಾಕೆ? ಹ್ಯಾಂಗ್ ಆದಮೇಲೆ ಏನನ್ನೂ ತೆರೆಯುವುದಕ್ಕೆ ಆಗುವುದಿಲ್ಲವಲ್ಲ, ಅದಕ್ಕೆ ಮೊದಲೇ, ಯಾವ ಪ್ರೋಗ್ರಾಂ ಎಷ್ಟು ಸಿಪಿಯು ಬಳಸುತ್ತಿದೆ ಅಂತ ತೋರಿಸುವ ಟಾಪ್ ಕಮಾಂಡನ್ನು ಐದು ಸೆಕೆಂಡಿಗೊಮ್ಮೆ ಓಡುವ ಹಾಗೆ ಬಿಟ್ಟು, ಅದರ ಔಟ್‌ಪುಟ್ಟನ್ನು ಡೆವ್ ಎಸ್‌ಎಚ್‌ಎಂ ಫೋಲ್ಡರಿಗೆ ಕಳಿಸಿದೆ. ಅದು ರ‍್ಯಾಮಿನಲ್ಲಿರುವ ಜಾಗ. ಅದೇ ಡಿಸ್ಕಿಗೆ ಬರೆದರೆ ಲಾಗ್ ಕೂಡ ಸಿಕ್ಕಿಹಾಕಿಕೊಳ್ಳುತ್ತದೆ. ಮುಂದಿನ 17ನೇ ನಿಮಿಷ ದಾಟಿದ ಮೇಲೆ ನೋಡಿದರೆ 'ಬಿಟಿಆರ್‌ಎಫ್‌ಎಸ್-ಕ್ಲೀನರ್' ಮತ್ತು 'ಬಿಟಿಆರ್‌ಎಫ್‌ಎಸ್-ಟ್ರಾನ್ಸಾಕ್ಷನ್' ಎಂಬ ಎರಡು ಕರ್ನಲ್ ಥ್ರೆಡ್‌ಗಳು (ಲಿನಕ್ಸಿನ ತಿರುಳಿನೊಳಗೇ ಓಡುವ ಕೆಲಸಗಳು) ಕಂಡವು, ಅದರಲ್ಲೂ ಒಂದು ನೂರಕ್ಕೆ ನೂರು ಸಿಪಿಯು ತಿಂದಿತ್ತು. ಕೊನೆಗೆ 'ಬಿಟಿಆರ್‌ಎಫ್‌ಎಸ್ ಕ್ಯೂಗ್ರೂಪ್ ಶೋ' ಕೊಟ್ಟೆ. ಪುಟಗಟ್ಟಲೆ ಸಾಲು ಬಂದವು. ಕೋಟಾ, ಅಂದರೆ ಜಾಗದ ಲೆಕ್ಕ ಇಡುವ ವ್ಯವಸ್ಥೆ, ಆನ್ ಆಗಿತ್ತು. ಯಾವ ಸ್ನಾಪ್‌ಶಾಟ್ ಎಷ್ಟು ಜಾಗ ಹಿಡಿದಿದೆ ಅಂತ ತೋರಿಸಲು ಆ ತಂತ್ರಾಂಶ ಅದನ್ನು ಆನ್ ಮಾಡಿತ್ತು.

ಪಹಣಿಯಲ್ಲಿ ಒಂದೇ ಜಮೀನಿಗೆ ಅರವತ್ತು ಜನರ ಹೆಸರು ಜಂಟಿಯಾಗಿದೆ ಅಂದುಕೊಳ್ಳಿ. ಒಬ್ಬರ ಹೆಸರು ತೆಗೆದರೆ ಉಳಿದವರ ಪಾಲು ಎಷ್ಟು ಅಂತ ಮತ್ತೆ ಲೆಕ್ಕ ಹಾಕಬೇಕು. ಇಲ್ಲೂ ಹಾಗೆಯೇ. ಡಿಸ್ಕಿನಲ್ಲಿರುವ ಒಂದೇ ತುಂಡು ಹತ್ತಾರು ಸ್ನಾಪ್‌ಶಾಟ್‌ಗಳಿಗೆ ಸೇರಿರುತ್ತದೆ. ಕೋಟಾ ಆನ್ ಇದ್ದರೆ, ಒಂದು ಸ್ನಾಪ್‌ಶಾಟ್ ಅಳಿಸಿದಾಗ ಪ್ರತಿ ತುಂಡಿಗೂ ಇನ್ನು ಯಾರ್ಯಾರು ವಾರಸುದಾರರು ಅಂತ ಹುಡುಕಬೇಕಾಗುತ್ತದೆ. ಆ ಹುಡುಕಾಟ ಮುಗಿಯುವವರೆಗೆ ಡಿಸ್ಕಿಗೆ ಬರೆಯಬೇಕಾದವರೆಲ್ಲ ಸಾಲಿನಲ್ಲಿ ನಿಲ್ಲುತ್ತಾರೆ. ಮೊದಲ ಮೂರು ವಾರ ಏನೂ ಆಗದಿದ್ದದ್ದು ಯಾಕೆ ಅಂತ ಆಗ ಅರ್ಥವಾಯಿತು, ಸ್ನಾಪ್‌ಶಾಟ್‌ಗಳು ಇನ್ನೂ ಗುಡ್ಡೆ ಬಿದ್ದಿರಲಿಲ್ಲ.

'ಬಿಟಿಆರ್‌ಎಫ್‌ಎಸ್ ಕೋಟಾ ಡಿಸೇಬಲ್' ಅಂತ ಒಂದೇ ಸಾಲು. ಮುಂದಿನ 17ನೇ ನಿಮಿಷಕ್ಕೆ ಕೀಬೋರ್ಡಿನಿಂದ ಕೈ ತೆಗೆದು ಪರದೆಯನ್ನೇ ನೋಡುತ್ತಾ ಕೂತೆ. ಫ್ಯಾನ್ ಸದ್ದು ಮಾಡಲಿಲ್ಲ. ಎಷ್ಟು ಖುಷಿಯಾಯಿತು ಅಂದರೆ, ಅಡುಗೆಮನೆಯಲ್ಲಿದ್ದ ಮನೆಯವರನ್ನು ಕರೆದು ತೋರಿಸಿದೆ.

ವರ್ಚುವಲ್ ಮೆಷೀನ್ ಮಾತ್ರ ಆಗಾಗ ಸಣ್ಣದಾಗಿ ತಡೆಯುತ್ತಿತ್ತು. ಅದು ಬೇರೆ ಕಾರಣಕ್ಕೆ. ಬಿಟಿಆರ್‌ಎಫ್‌ಎಸ್ ಹಳೆಯದರ ಮೇಲೆ ಬರೆಯುವುದಿಲ್ಲ, ಪ್ರತಿ ಸಲ ಹೊಸ ಜಾಗದಲ್ಲಿ ಬರೆಯುತ್ತದೆ, ಹೀಗಾಗಿ ವರ್ಚುವಲ್ ಮೆಷೀನಿನ ಡಿಸ್ಕ್ ಆಗಿರುವ ದೊಡ್ಡ ಫೈಲು (ಡಿಸ್ಕ್ ಇಮೇಜ್) ಸಾವಿರಾರು ಚೂರಾಗಿರುತ್ತದೆ. ಅದಕ್ಕೊಂದು ಪ್ರತ್ಯೇಕ ಸಬ್‌ವಾಲ್ಯೂಮ್ (ಫೈಲ್‌ಸಿಸ್ಟಮ್ ಒಳಗಿನ ಬೇರೆ ವಿಭಾಗ) ಮಾಡಿದೆ, ಆಗ ಸ್ನಾಪ್‌ಶಾಟಿನಲ್ಲಿ ಅದು ಸೇರುವುದಿಲ್ಲ. ಖಾಲಿ ಇರುವಾಗಲೇ ಅದಕ್ಕೆ, ಹಳೆಯ ಜಾಗದ ಮೇಲೆಯೇ ಬರೆಯುವಂತೆ ಮಾಡುವ 'ಚ್ಯಾಟ್ರ್ ಪ್ಲಸ್ ಸಿ' ಕಮಾಂಡ್ ಕೊಟ್ಟು, ಆಮೇಲೆ ಇಮೇಜನ್ನು ಹೊಸದಾಗಿ ಕಾಪಿ ಮಾಡಿದೆ. ಡೇಟಾ ಇರುವ ಫೈಲಿಗೆ ಕೊಟ್ಟರೆ ಪ್ರಯೋಜನವಿಲ್ಲ. ಹೀಗೆ ಮಾಡಿದರೆ ಆ ಫೈಲಿಗೆ ಚೆಕ್‌ಸಮ್ ರಕ್ಷಣೆ (ಡೇಟಾ ಹಾಳಾದರೆ ಕಂಡುಹಿಡಿಯುವ ಲೆಕ್ಕ) ಹೋಗುತ್ತದೆ, ಆದ್ದರಿಂದ ಅದರ ಬ್ಯಾಕಪ್ ಬೇರೆ ಡಿಸ್ಕಿನಲ್ಲಿ ಇಟ್ಟಿದ್ದೇನೆ.

ಸ್ನಾಪ್‌ಶಾಟ್ ಈಗ ದಿನಕ್ಕೊಂದು, ಒಟ್ಟು ಹತ್ತು. ಜಾಗದ ಲೆಕ್ಕ ಬೇಕಾದಾಗ 'ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಮ್ ಡಿಯು' ಓಡಿಸಿದರೆ ಸಾಕು. ಕರ್ನಲ್ 6.7ರಿಂದ ಸಿಂಪಲ್ ಕೋಟಾ ಅಂತ ಹಗುರವಾದ ಬಗೆ ಬಂದಿದೆ, ತುಂಡನ್ನು ಮೊದಲು ಬರೆದವರ ಲೆಕ್ಕಕ್ಕೇ ಅದನ್ನು ಹಾಕುತ್ತದೆ. ನನಗೆ ಅದರ ಅಗತ್ಯ ಬಿದ್ದಿಲ್ಲ. ಸ್ನಾಪ್‌ಶಾಟ್ ತಂತ್ರಾಂಶ ಅಪ್‌ಡೇಟ್ ಆದಾಗಲೆಲ್ಲ ಕೋಟಾ ಮತ್ತೆ ಆನ್ ಆಗಿದೆಯಾ ಅಂತ ಒಮ್ಮೆ ನೋಡಿಬಿಡುತ್ತೇನೆ.