‘ಗ್ಯಾಸ್’ ಎಂದವರನ್ನು ನಾನು ಕೇಳದೆ ಬಿಟ್ಟ ಪ್ರಶ್ನೆ

ಜೇವರ್ಗಿ ತಾಲ್ಲೂಕಿನ ಹಳ್ಳಿಗಳಿಂದ ನನ್ನ ಚಿಕಿತ್ಸಾಲಯಕ್ಕೆ ಬರುವವರು ಮೊದಲು ಹೇಳುವ ಮಾತು ಬಹುಮಟ್ಟಿಗೆ ಒಂದೇ: “ಸಾಹೇಬ್ರ, ಗ್ಯಾಸ್ ಆಗ್ಯಾದ್ರಿ.” ಎದೆಯುರಿ, ಹುಳಿತೇಗು, ಉಂಡ ಮೇಲೆ ಹೊಟ್ಟೆ ಬಿಗಿಯುವುದು, ಮಲಬದ್ಧತೆ ಎಲ್ಲವೂ ಆ ಮಾತಿನೊಳಗೆ ಸೇರಿಕೊಂಡಿರುತ್ತವೆ. ವೃತ್ತಿಯ ಮೊದಲ ವರ್ಷಗಳಲ್ಲಿ ನಾನು ಅದನ್ನು ಹಾಗೆಯೇ ಒಪ್ಪಿಕೊಂಡು, ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಬರೆದುಕೊಟ್ಟು, ಖಾರ ಬಿಡಲು ಹೇಳಿ ಕಳುಹಿಸುತ್ತಿದ್ದೆ. ಅಷ್ಟು ಸಾಲದೆಂದು ನನಗೆ ಅರಿವಾದದ್ದು ತೊಗರಿ ರಾಶಿಯ ದಿನಗಳಲ್ಲಿ ಬಂದ, ಅರವತ್ತು ದಾಟಿದ ಒಬ್ಬ ತಾಯಿಯಿಂದ.

ಅದಕ್ಕೆ ಮುಂಚೆ ಅವರು ಎರಡು ಸಲ ಬಂದುಹೋಗಿದ್ದರು. ನನ್ನ ಮಾತು ನಂಬಿ ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯನ್ನೂ ಕೆಂಪು ಖಾರವನ್ನೂ ಬಿಟ್ಟು, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಉಣ್ಣುತ್ತಿದ್ದರು. ಮೂರನೆಯ ಸಲ ಬಂದಾಗ ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಂಡಿತ್ತು. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು ಬರುತ್ತಿತ್ತು. ಮಲದ ಬಣ್ಣ ಕೇಳಿದೆ. ಬಹಳ ಸಂಕೋಚಪಟ್ಟು, “ಡಾಂಬರಿನಂಗ ಕರ್ರಗ ಹೋಗ್ತದ್ರಿ” ಎಂದರು. ಕಬ್ಬಿಣದ ಗುಳಿಗೆ ನುಂಗುವವರಿಗೂ ಮಲ ಕಪ್ಪಾಗುತ್ತದೆ. ಆದರೆ ಅಂಟಂಟಾಗಿ, ವಿಪರೀತ ದುರ್ವಾಸನೆಯಿಂದ ಕೂಡಿದ್ದರೆ ಜಠರದಲ್ಲಿಯೋ ಅದರ ಮುಂದಿನ ಸಣ್ಣ ಕರುಳಿನಲ್ಲಿಯೋ ರಕ್ತ ಸೋರುತ್ತಿದೆ ಎಂದೇ ತಿಳಿಯಬೇಕು. “ಆಯಿ, ಮತ್ತ್ಯಾವ ಗುಳಿಗಿ ತಗೋತೀರಿ?” ಎಂದು ನಾನು ಕೇಳಿದ್ದು ಆಗ, ಮೊದಲ ಬಾರಿಗೆ. ಅವರು ಸೆರಗಿನ ಗಂಟು ಬಿಚ್ಚಿ ಡೈಕ್ಲೋಫೆನಾಕ್ ಗುಳಿಗೆಗಳನ್ನು ತೋರಿಸಿದರು. ಮೊಣಕಾಲು ನೋವಿಗಾಗಿ ಮುಂಜಾನೆ ಬರಿಹೊಟ್ಟೆಯಲ್ಲಿ ಚಹಾದ ಜೊತೆ ಒಂದು, ರಾತ್ರಿ ಒಂದು, ತಿಂಗಳುಗಟ್ಟಲೆ ನಡೆದಿತ್ತು.

ಜಠರದ ಒಳಗೋಡೆಯನ್ನು ಅದರದೇ ಆಮ್ಲದಿಂದ ಕಾಯುವುದು ಲೋಳೆಯ ಪದರ. ಆ ಲೋಳೆಯ ಉತ್ಪತ್ತಿಗೆ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಬೇಕು. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಗುಳಿಗೆಗಳು ನೋವು ತಗ್ಗಿಸುವುದು ಈ ರಾಸಾಯನಿಕವನ್ನು ತಡೆದೇ. ಆದ್ದರಿಂದ ಕಾಲಿನ ನೋವು ಶಮನವಾಗುವ ಹೊತ್ತಿಗೆ ಹೊಟ್ಟೆಯ ರಕ್ಷಣೆಯೂ ಕಳಚುತ್ತದೆ. ಊಟ ಮಾಡಿ ನುಂಗಿದರೂ ಈ ಅಪಾಯ ಪೂರ್ತಿ ತಪ್ಪುವುದಿಲ್ಲ, ಏಕೆಂದರೆ ಔಷಧಿ ರಕ್ತದ ಮೂಲಕವೂ ಜಠರವನ್ನು ತಲುಪುತ್ತದೆ.

ಅವರನ್ನು ಅಂದೇ ಕಲಬುರಗಿಗೆ ಕಳುಹಿಸಿದೆ. ರಕ್ತ ಕೊಟ್ಟ ಮೇಲೆ, ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡುವ ಎಂಡೊಸ್ಕೋಪಿಯಲ್ಲಿ ಜಠರದ ಹುಣ್ಣು ಕಂಡಿತು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯವೂ ಇತ್ತು. ಹುಣ್ಣಿಗೆ ಚಿಂತೆಯೂ ಖಾರವೂ ಕಾರಣವೆಂದು ವೈದ್ಯರೇ ನಂಬಿದ್ದ ಕಾಲದಲ್ಲಿ, 1982ರಲ್ಲಿ, ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಈ ಬ್ಯಾಕ್ಟೀರಿಯವನ್ನು ಬೆಳೆಸಿದರು. ಮಾರ್ಷಲ್ ಅದನ್ನು ಸ್ವತಃ ಕುಡಿದು ಜಠರದ ಉರಿಯೂತ ತಂದುಕೊಂಡು, ಹುಣ್ಣಿಗೆ ಈ ಬ್ಯಾಕ್ಟೀರಿಯ ಕಾರಣವೆಂಬ ತಮ್ಮ ವಾದಕ್ಕೆ ಆಧಾರ ಒದಗಿಸಿದರು. 2005ರ ನೊಬೆಲ್ ಅವರಿಬ್ಬರಿಗೆ ಸಂದಿತು. ಖಾರ ಇದ್ದ ಉರಿಯನ್ನು ಹೆಚ್ಚಿಸಬಹುದೇ ಹೊರತು ಹುಣ್ಣನ್ನು ಹುಟ್ಟಿಸುವುದಿಲ್ಲ. ಆ ತಾಯಿಯ ತಟ್ಟೆಯಿಂದ ಹಿಂಡಿಯನ್ನು ತೆಗೆಸಿ, ಸೆರಗಿನಲ್ಲಿದ್ದ ಗುಳಿಗೆಯನ್ನು ಹಾಗೇ ಬಿಟ್ಟಿದ್ದೆನೆಂಬ ನೋವು ನನಗೆ ಈಗಲೂ ಇದೆ.

ಚಿಕಿತ್ಸೆ 14 ದಿನದ್ದು: ಆ್ಯಂಟಿಬಯೊಟಿಕ್‌ಗಳು, ಅವುಗಳ ಜೊತೆಗೆ ಆಮ್ಲ ತಗ್ಗಿಸುವ ಗುಳಿಗೆ, ಅದೂ ಊಟಕ್ಕೆ ಅರ್ಧ ಗಂಟೆ ಮೊದಲು. ಐದಾರು ದಿನಕ್ಕೆ ಉರಿ ಇಳಿದಾಗ ಅನೇಕರು ನಿಲ್ಲಿಸಿಬಿಡುತ್ತಾರೆ. ಉಳಿದ ಬ್ಯಾಕ್ಟೀರಿಯ ಆಮೇಲೆ ಮದ್ದಿಗೆ ಜಗ್ಗದಂತಾಗುವ ಭಯವಿರುವುದರಿಂದ ದಿನ ಎಣಿಸುವ ಹೊಣೆಯನ್ನು ಅವರ ಸೊಸೆಗೆ ಒಪ್ಪಿಸಿದೆ. ಆ್ಯಂಟಿಬಯೊಟಿಕ್ ಮುಗಿದು ನಾಲ್ಕು ವಾರ ಕಳೆದ ಮೇಲೆ, ಆಮ್ಲದ ಗುಳಿಗೆಯನ್ನು ಎರಡು ವಾರ ನಿಲ್ಲಿಸಿ ಮಾಡಿಸಿದ ಮಲಪರೀಕ್ಷೆಯಲ್ಲಿ ಬ್ಯಾಕ್ಟೀರಿಯ ಇರಲಿಲ್ಲ.

ಈಗ ‘ಗ್ಯಾಸ್’ ಎಂದು ಬಂದವರೆಲ್ಲರಿಗೂ ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಚೀಲದಲ್ಲಿ ತರಲು ಹೇಳುತ್ತೇನೆ. ತೂಕ ಇಳಿದಿದೆಯೇ, ನುಂಗಲು ತ್ರಾಸಾಗುತ್ತದೆಯೇ, ಮಲ ಕಪ್ಪಾಗಿದೆಯೇ ಎಂದು ಕೇಳದೆ ಕಳುಹಿಸುವುದಿಲ್ಲ. ನಡೆದಾಗ ಎದೆ ಹಿಡಿದು ಬೆವರುವವರಿಗೆ ಅದು ಹೃದಯದ ತೊಂದರೆಯಿರಬಹುದೆಂದು ಮೊದಲು ಇಸಿಜಿ, ಅಂದರೆ ಹೃದಯದ ಪರೀಕ್ಷೆ.

ಆ ತಾಯಿ ಮತ್ತೆ ಹಿಂಡಿ ಹಚ್ಚಿಕೊಂಡು ರೊಟ್ಟಿ ಉಣ್ಣುತ್ತಿದ್ದಾರೆ. ಮೊಣಕಾಲಿಗೆ ಪ್ಯಾರಾಸಿಟಮಾಲ್, ಹಚ್ಚುವ ಮುಲಾಮು ಮತ್ತು ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ ಹೇಳಿಕೊಟ್ಟಿದ್ದೇನೆ. ನೋವು ಪೂರ್ತಿ ಹೋಗಿಲ್ಲ, ರಾಶಿಯ ಕೆಲಸವನ್ನು ಮಾತ್ರ ಸೊಸೆಗೆ ಬಿಟ್ಟಿದ್ದಾರೆ.