ಹೊಸ ವೇರಿಯಂಟ್ ಸಿಕ್ತು ಅನ್ನೋಕಿಂತ ಮೊದ್ಲ ಏನೇನ್ ನೋಡ್ಬೇಕ್ರಿ

ಧಾರವಾಡದಾಗ ಎಂಎಸ್ಸಿ ಬಯೋಟೆಕ್ ಮಾಡೋ ಹುಡುಗ ಒಬ್ಬ ಮೊನ್ನೆ ಲ್ಯಾಪ್‌ಟಾಪ್ ಹಿಡ್ಕೊಂಡು ಬಂದ, ಪ್ರಾಕ್ಟೀಸಿಗೆ ಅಂತ 2021ರ ಕೊರೊನಾ ವೈರಸ್ಸಿನ ಹಳೇ ಡೇಟಾ ಇಳಿಸ್ಕೊಂಡಿದ್ದ. "ಸರ, ಇದು ಡೆಲ್ಟಾನ ಖರೆ, ಆದ್ರ ಸ್ಪೈಕಿನ 142ನೇ ಜಾಗಾದಾಗ ಮ್ಯುಟೇಶನ್ ಇಲ್ರಿ, ವಾಪಸ್ ಹಳೇದಕ್ಕ ಹೋಗೇತಿ, ಹೊಸ ಬ್ರಾಂಚ್ ಇರ್ಬೇಕ್ರಿ" ಅಂದ. ಸ್ಪೈಕ್ ಅಂದ್ರ ವೈರಸ್ಸಿನ ಮೈಮ್ಯಾಲಿನ ಮುಳ್ಳಿನಂಥ ಪ್ರೋಟೀನು, 142 ಅಂದ್ರ ಅದರಾಗಿನ 142ನೇ ಅಮೈನೋ ಆಸಿಡ್, ಮ್ಯುಟೇಶನ್ ಅಂದ್ರ ಬದಲಾವಣಿ. ಹುಡುಗನ ಕಣ್ಣಾಗ ಖುಷಿ ಇತ್ತು, ನನಗ ಹೇಳಾಕ ಮನಸ ಬರ್ಲಿಲ್ಲ. ಆದ್ರೂ ಆಮ್ಯಾಲೆ ಅವಂಗ ಹೇಳಿದ್ದನ್ನ ಇಲ್ಲಿ ಬರದೀನಿ.

ಮೊದ್ಲ ಸ್ಯಾಂಪಲ್ಲು. ಪಾಸಿಟಿವ್ ಬಂದಿದ್ದೆಲ್ಲಾ ಸೀಕ್ವೆನ್ಸಿಂಗಿಗೆ, ಅಂದ್ರ ವೈರಸ್ಸಿನ ಜೀನೋಮು (ಅದರ ಇಡೀ ಆನುವಂಶಿಕ ಅಕ್ಷರಮಾಲಿ) ಓದಾಕ, ಕಳಸ್ಬ್ಯಾಡ್ರಿ, ಆರ್‌ಟಿಪಿಸಿಆರ್ ರಿಪೋರ್ಟಿನಾಗ ಸಿಟಿ ವ್ಯಾಲ್ಯೂ (ವೈರಸ್ ಕಾಣಾಕ ಎಷ್ಟು ಸುತ್ತು ಹೆಚ್ಚಿಸ್ಬೇಕಾತು ಅನ್ನೋ ಲೆಕ್ಕ) 30ರ ಕೆಳಗ ಇರ್ಬೇಕು, 25ರ ಒಳಗಿದ್ರ ಭಾಳ ಚಲೋ. ಸಿಟಿ ಒಂದು ಏರಿದ್ರ ವೈರಸ್ ಹೆಚ್ಚೂಕಡಿಮಿ ಅರ್ಧ ಆಗ್ತೈತಿ, ಅಂದ್ರ 24ಕ್ಕೂ 34ಕ್ಕೂ ಸಾವಿರ ಪಟ್ಟು ಫರಕ್. ಬರೇ ಐಸಿಯು ಪೇಷಂಟ್‌ದಷ್ಟೇ ಆರಿಸಿದ್ರ ಊರಾಗ ಏನ್ ಹಬ್ಬಾಕತ್ತೈತಿ ಗೊತ್ತಾಗಂಗಿಲ್ಲ, ಓಪಿಡಿಗೆ ನೆಗಡಿ ಅಂತ ಬಂದವ್ರದೂ ಬೇಕು. ಇನ್ನೊಂದು, ಗದಗ, ಹಾವೇರಿಯಿಂದ ಬಂದ ಟ್ಯೂಬು ಹುಬ್ಬಳ್ಳ್ಯಾಗ ಟೆಸ್ಟ್ ಆತು ಅಂತ ಶೀಟಿನಾಗ ಹುಬ್ಬಳ್ಳಿ ಅಂತ ಬರೀತಾರ ನೋಡ್ರಿ, ಅದು ತಪ್ಪು. ಪೇಷಂಟ್ ಇರೋ ಊರು, ಸ್ವ್ಯಾಬ್ ತಗೊಂಡ ತಾರೀಖು, ಇವೆರಡು ಇಲ್ಲಾಂದ್ರ ಎಷ್ಟ ಚಂದ ಸೀಕ್ವೆನ್ಸ್ ಬಂದ್ರೂ ಹಬ್ಬಿದ ದಾರಿ ಹಿಡಿಯಾಕ ಆಗಂಗಿಲ್ಲ.

ಈಗ ಓದೋದು. ಈ ವೈರಸ್ಸಿನ ಜೀನೋಮು ಸುಮಾರು 29,900 ಅಕ್ಷರ, ವುಹಾನಿನ ಮೊದಲ ಸೀಕ್ವೆನ್ಸ್ 2020ರ ಜನವರಿಯಾಗ ಜಗತ್ತಿಗೆ ಸಿಕ್ತು, ಇವತ್ತಿಗೂ ನಾವು ಹೋಲಿಸೋದು ಅದಕ್ಕ. ಆರ್‌ಎನ್‌ಎನ ಡಿಎನ್‌ಎ ಮಾಡಿ, ಸುಮಾರು 400 ಅಕ್ಷರದ ತುಂಡು ತುಂಡಾಗಿ ಪಿಸಿಆರ್‌ನಾಗ ಹೆಚ್ಚಿಸಿ ಮಶೀನಿಗೆ ಹಾಕ್ತಾರ. ಹಳೇ ಮನಿ ಮ್ಯಾಲಿನ ಹಂಚು ನೆನಿಸ್ಕೋರಿ, ಒಂದರ ತುದಿ ಇನ್ನೊಂದರ ಮ್ಯಾಲೆ ಕುಂತಿರ್ತೈತಿ, ಈ ತುಂಡುಗಳೂ ಹಂಗ. ಹಿಂಗ ತುಂಡು ಮಾಡೋ ಆರ್ಟಿಕ್ ಅನ್ನೋ ಸೆಟ್ಟಿನ ಹಳೇ ಮೂರನೇ ವರ್ಶನ್ನಿನಾಗ ಇಂಥವು 98 ಇದ್ದವು. ಪ್ರತಿ ಹಂಚಿನ ಎರಡೂ ತುದಿಗೆ ಒಂದೊಂದು ಪ್ರೈಮರ್, ಅಂದ್ರ ಪಿಸಿಆರ್ ಶುರು ಆಗಾಕ ಬೇಕಾದ ಸಣ್ಣ ಡಿಎನ್‌ಎ ತುಂಡು, ಆ ಪ್ರೈಮರ್ ಬರದದ್ದು ವುಹಾನ್ ಸೀಕ್ವೆನ್ಸ್ ನೋಡಿ. ವೈರಸ್ ಬದಲಾಗಿ ಪ್ರೈಮರ್ ಕೂಡೋ ಜಾಗಾನ ಕೆಟ್ರ ಆ ಹಂಚು ಜಾರ್ತೈತಿ, ಸೋರ್ತೈತಿ.

ಹುಡುಗನ ಕತಿ ಇದ. ಡೆಲ್ಟಾದ ಸ್ಪೈಕಿನಾಗ 156, 157ನೇ ಅಮೈನೋ ಆಸಿಡ್ ಬಿಟ್ಟುಹೋಗ್ಯಾವ, 72ನೇ ಹಂಚಿನ ಬಲಗಡಿ ಪ್ರೈಮರ್ ಕೂಡೋದು ಅಲ್ಲೇ, ಹಿಂಗಾಗಿ 72 ಜಾರ್ತು. 142ನ ಸರಿಯಾಗಿ ಓದೋದು ಆ ಹಂಚಿನಿಂದ. ಪಕ್ಕದ 73 ಬಂದೈತಿ, ಆದ್ರ ಅದರ ಪ್ರೈಮರ್ರ 142ರ ಮ್ಯಾಲೆ ಕುಂತೈತಿ. ಪ್ರೈಮರ್ ಕತ್ತರಿಸದ ಬಿಟ್ರ ಸಾಫ್ಟ್‌ವೇರು ಪ್ರೈಮರಿನ ಅಕ್ಷರಾನ ವೈರಸ್ಸಿಂದು ಅಂತ ಓದ್ತೈತಿ, ಅದು ವುಹಾನಿನ ಹಳೇ ಅಕ್ಷರ. ಹೊಸ ಬ್ರಾಂಚೂ ಇಲ್ಲ ಏನೂ ಇಲ್ಲ! ಮುಂದ ನಾಲ್ಕನೇ ವರ್ಶನ್ನಿನಾಗ ಪ್ರೈಮರ್ ಬದಲಿಸಿದ್ರು.

ಹಿಂಗಾಗಿ ಮೊದ್ಲ ಪ್ರೈಮರ್ ಕತ್ತರಿಸ್ರಿ, ಆಮ್ಯಾಲೆ ವುಹಾನಿಗೆ ಜೋಡಿಸಿ ಕನ್ಸೆನ್ಸಸ್ (ಮಶೀನ್ ಓದಿದ ತುಂಡು, ಅಂದ್ರ ರೀಡ್, ಹೆಚ್ಚಿನವು ಒಪ್ಪೋ ಒಂದ ಸಾಲು) ತಗೀರಿ, ಒಂದೊಂದು ಜಾಗಾಕ್ಕ ಕನಿಷ್ಠ ಹತ್ತಿಪ್ಪತ್ತು ರೀಡ್ ಇರದಿದ್ರ ಅಲ್ಲಿ ಎನ್ ಅಂತ ಹಾಕ್ರಿ. ಗೊತ್ತಿಲ್ಲದ್ದಕ್ಕ ಗೊತ್ತಿಲ್ಲ ಅನ್ನೋದು ನಾಚಿಕಿ ಅಲ್ಲ. ಆ ಸೀಕ್ವೆನ್ಸ್ ಇರೋ ಫಾಸ್ಟಾ ಫೈಲನ್ನ ಬ್ರೌಸರ್‌ನಾಗ ನೆಕ್ಸ್ಟ್‌ಕ್ಲೇಡ್ ಅನ್ನೋ ವೆಬ್ ಟೂಲ್ ತಗದು ಎಳದು ಹಾಕಿದ್ರ ಸಾಕು, ಲೆಕ್ಕ ಎಲ್ಲಾ ನಿಮ್ಮ ಕಂಪ್ಯೂಟರಿನಾಗ ಆಗ್ತೈತಿ. ವೇರಿಯಂಟ್ ಹೆಸರಿನ ಕಾಲಮ್ ಆಮ್ಯಾಲೆ ನೋಡ್ರಿ, ಮೊದ್ಲ ಕ್ವಾಲಿಟಿ: ಎನ್ ಎಷ್ಟು (3,000 ಅಂದ್ರ ಹತ್ತರಾಗ ಒಂದು ಪಾಲು ಓದೇ ಇಲ್ಲ), ಒಂದೇ ಜಾಗಾದಾಗ ಎರಡೆರಡು ಅಕ್ಷರ ಅದಾವೇನು, ಹಳೇದಕ್ಕ ವಾಪಸ್ ಹೋದ ಜಾಗಾ ಭಾಳ ಅದಾವೇನು. ಇವು ಕೆಂಪು ಇದ್ರ ಕಂಟ್ಯಾಮಿನೇಶನ್ನೋ (ಬ್ಯಾರೆ ಸ್ಯಾಂಪಲ್ ಬೆರೆತದ್ದು) ಹಂಚು ಜಾರಿದ್ದೋ ಅಂತ ಮೊದ್ಲ ಸಂಶಯ ಪಡ್ರಿ. ನನಗೂ ಒಮ್ಮೆ ಬರೇ ನೀರು ಹಾಕಿದ ಕಂಟ್ರೋಲ್ ಟ್ಯೂಬಿನಾಗ ಚಂದಂಗ ವೈರಸ್ ಓದಿ ಬಂತು, ಇಡೀ ಪ್ಲೇಟು ಚೆಲ್ಲಿದ್ದೆ, ರಾತ್ರಿ ಊಟ ಸೇರ್ಲಿಲ್ಲ.

ಇಷ್ಟೆಲ್ಲಾ ದಾಟಿದ ಮ್ಯಾಲೂ ಹೊಸದು ಅನಿಸಿದ್ರ ಅದ ಸ್ಯಾಂಪಲಿನಿಂದ ಆರ್‌ಎನ್‌ಎ ಮತ್ತ ತಗದು ಇನ್ನೊಂದು ಪ್ಲೇಟಿನಾಗ ಓಡಿಸ್ರಿ. ಬ್ಯಾರೆ ಬ್ಯಾರೆ ಮನಿಯವ್ರಾಗ, ಬ್ಯಾರೆ ವಾರದಾಗ ಅದ ಬದಲಾವಣಿ ಕಂಡ್ರ ಮಾತ್ರ ಅದು ಹರಡಾಕತ್ತಿದ್ದು, ಒಂದ ಸ್ಯಾಂಪಲಿಗೆ ವೈರಸ್ ಬ್ರಾಂಚುಗಳ ಹೆಸರು ನೋಡ್ಕೊಳ್ಳೋ ಪ್ಯಾಂಗೋ ಗುಂಪಿನವ್ರು ಹೆಸರು ಇಡಂಗಿಲ್ಲ. ಮ್ಯುಟೇಶನ್ ಎಣಿಸಿ ಹೆದರೋದೂ ಬ್ಯಾಡ: ಓಮಿಕ್ರಾನಿನ ಬ್ರಾಂಚ್ ಬಿಎ.2.86ಕ್ಕ ಸ್ಪೈಕಿನಾಗ ಅದರಪ್ಪ ಬಿಎ.2ಗಿಂತ 30ಕ್ಕೂ ಹೆಚ್ಚು ಬದಲಾವಣಿ ಇದ್ವು, ಆದ್ರ ಜಗತ್ತೆಲ್ಲಾ ಹಬ್ಬಿದ್ದು ಅದರ ಮಗ ಜೆಎನ್.1, ಅದಕ್ಕ ಸ್ಪೈಕಿನಾಗ ಕೂಡಿದ್ದು 455ನೇ ಜಾಗಾದ್ದು ಒಂದ.

ಸೀಕ್ವೆನ್ಸ್ ಕೈಯಾಗ ಇಟ್ಕೊಂಡು ಪೇಪರ್ ಬರೀತಾ ಕೂಡ್ಬ್ಯಾಡ್ರಿ, ಜಗತ್ತಿನವ್ರು ಸೀಕ್ವೆನ್ಸ್ ಹಂಚ್ಕೊಳ್ಳೋ ಜಿಸೈಡ್ ಡೇಟಾಬೇಸಿಗೆ ಹಾಕ್ರಿ, ಕೊರೊನಾ ಸೀಕ್ವೆನ್ಸಿಂಗಿನ ನಮ್ಮ ದೇಶದ ಲ್ಯಾಬ್ ಕೂಟ ಇನ್ಸಾಕಾಗ್‌ನ ಲ್ಯಾಬಿಗೆ ತಿಳಸ್ರಿ. ಆಫ್ರಿಕಾದವ್ರು ಲಗೂನ ಹಂಚ್ಕೊಂಡಿದ್ದಕ್ಕ 2021ರ ನವೆಂಬರ್ 26ಕ್ಕ ಓಮಿಕ್ರಾನ್ ಅಂತ ಹೆಸರಾತು, ಡಿಸೆಂಬರ್ 2ಕ್ಕ ಬೆಂಗಳೂರಾಗ ದೇಶದ ಮೊದಲ ಎರಡು ಕೇಸು ಗೊತ್ತಾದ್ವು.

ಹುಡುಗ ಪ್ರೈಮರ್ ಕತ್ತರಿಸಿ ಮತ್ತ ಓಡಿಸಿದ. 142ನೇ ಜಾಗಾದಾಗ ಎನ್ ಬಂತು.