ರೈಫಲ್ ಅಲ್ಲಾಡಿದರೆ ರೋಲಿನಿಂದ ಶುರುಮಾಡಿ

ಮೊಣಕಾಲೂರಿ ಹೊಡೆಯುವ ನೀಲಿಂಗ್‌ನಲ್ಲಿ "ಸರ, ರೈಫಲ್ ನಿಲ್ಲವಲ್ದ್ರಿ" ಎಂದು ಯಾರಾದರೂ ಬಂದರೆ ನಾನು ಮೊದಲು ಕೈ ಹಾಕುವುದು ಪಾದದ ಕೆಳಗಿನ ರೋಲಿಗೆ, ಅಂದರೆ ಉರುಳೆಯಾಕಾರದ ದಿಂಬಿಗೆ. ಬೆಳಗಾವಿ, ವಿಜಯಪುರ, ಹುಬ್ಬಳ್ಳಿ ಕಡೆಯಿಂದ ಪುಣೆಗೆ ಬಂದು, ಬಾಲೇವಾಡಿ ರೇಂಜಿನ ಆಸುಪಾಸು ರೂಮು ಮಾಡಿಕೊಂಡಿರುವ ಹುಡುಗರಲ್ಲಿ ಹೆಚ್ಚಿನವರು 10 ಮೀಟರ್ ಏರ್ ರೈಫಲ್‌ನಿಂದ 50 ಮೀಟರ್ ತ್ರೀ ಪೊಸಿಷನ್‌ಗೆ (ನೀಲಿಂಗ್, ಮಲಗಿ ಹೊಡೆಯುವ ಪ್ರೋನ್, ನಿಂತು ಹೊಡೆಯುವ ಸ್ಟ್ಯಾಂಡಿಂಗ್) ದಾಟಿದವರು. ನಿಂತು ಹೊಡೆದು ರೂಢಿ, ಮೊಣಕಾಲೂರಿ ಹೊಡೆಯುವುದು ಹೊಸದು. ಅಲುಗಾಟ ಕಂಡ ಕೂಡಲೇ ಎಡಗೈ ಬಿಗಿ ಹಿಡಿಯುತ್ತಾರೆ. ಬಿಗಿದಷ್ಟೂ ಸ್ನಾಯು ನಡುಗುತ್ತದೆ. ರೈಫಲ್ಲಿನ ಭಾರ ಮೂಳೆಯಿಂದ ಮೂಳೆಗೆ ಇಳಿದು ನೆಲ ಸೇರಬೇಕು, ಎಡತೋಳಿಗೂ ರೈಫಲ್ಲಿಗೂ ಸೇರಿಸಿ ಕಟ್ಟುವ ಪಟ್ಟಿ, ಅಂದರೆ ಸ್ಲಿಂಗ್, ಅದನ್ನು ಹಿಡಿದಿಡಬೇಕು.

50 ಮೀಟರ್ ಗುರಿಯಲ್ಲಿ ಹತ್ತರ ವೃತ್ತದ ವ್ಯಾಸ 10.4 ಮಿ.ಮೀ. ಗುರಿ ನೋಡುವ ಮುಂದಿನ, ಹಿಂದಿನ ಸೈಟುಗಳ ನಡುವೆ 80 ಸೆಂ.ಮೀ. ಅಂತರವಿದೆ ಎಂದಿಟ್ಟುಕೊಳ್ಳಿ. ಮುಂದಿನದು, ಅಂದರೆ ಫೋರ್‌ಸೈಟ್, ಬರೀ 0.08 ಮಿ.ಮೀ. ಸರಿದರೆ ಗುರಿ ನಡುವಿನಿಂದ ಹತ್ತರ ಅಂಚಿಗೆ ಹೋಗಿರುತ್ತದೆ. ಕೈಬಲ ಇಷ್ಟು ಸಣ್ಣ ಅಳತೆಯನ್ನು ಕಾಯಲಾರದು. ಮುಂದೆ ಹೇಳುವುದೆಲ್ಲ ಬಲಗೈಯವರ ಲೆಕ್ಕ. ಎಡಚರು ತಿರುಗಿಸಿ ಓದಿಕೊಳ್ಳಿ.

ರೋಲ್ 25 ಸೆಂ.ಮೀ. ಉದ್ದ, 18 ಸೆಂ.ಮೀ. ವ್ಯಾಸ ಮೀರಬಾರದು, ದಾರ, ಪಟ್ಟಿ ಕಟ್ಟಿ ಆಕಾರ ಕೊಡುವಂತಿಲ್ಲ. ಒಳಗೆ ಏನು ತುಂಬುತ್ತೀರಿ ಎಂಬುದೇ ದೊಡ್ಡ ವಿಷಯ. ಮರದ ಹೊಟ್ಟು ಅಗ್ಗ, ಆದರೆ ಪುಣೆಯ ಮಳೆಗಾಲದಲ್ಲಿ ತೇವ ಹೀರಿ ಗಂಟು ಕಟ್ಟುತ್ತದೆ. ಥರ್ಮಾಕೋಲ್ ಗುಂಡು ಕೂತಾಗ ಕುಗ್ಗಿ ಸ್ಪ್ರಿಂಗಿನಂತೆ ಮೇಲೆ ತಳ್ಳುತ್ತದೆ. ಊರಿಂದ ತಂದ ಜೋಳ ತುಂಬಿದವರೂ ಇದ್ದಾರೆ. ಮೊದಲ ತಿಂಗಳು ಚೆನ್ನಾಗಿರುತ್ತದೆ, ಆಮೇಲೆ ಹುಳ ಹೊರಗೆ ಬರುತ್ತವೆ. ನಾನು ಬಳಸುವುದು ಕಾರ್ಕ್ ಹರಳು. ಮುಕ್ಕಾಲು ಭಾಗ ತುಂಬಿ ಶುರುಮಾಡುತ್ತೇನೆ, ಆಮೇಲೆ ಒಂದೊಂದು ಟೀ ಲೋಟದಷ್ಟು ಹಾಕುತ್ತಲೋ ತೆಗೆಯುತ್ತಲೋ ಹೋಗುತ್ತೇನೆ. ಕೂರುವ ಮೊದಲು ನಡುವೆ ಅಂಗೈ ಅಂಚಿನಿಂದ ಗುದ್ದಿ ತಗ್ಗು ಮಾಡಿ, ಪಾದದ ಮೇಲ್ಭಾಗ ಅದರಲ್ಲಿ ಕೂರುವಂತೆ ಇಡುತ್ತೇನೆ. ತುಂಬಿದ್ದು ಹೆಚ್ಚಾದರೆ ಮೈ ಮುಂದಕ್ಕೆ ವಾಲಿ ಎಡಮೊಣಕಾಲಿನ ಮೇಲೆ ಭಾರ ಬೀಳುತ್ತದೆ. ಕಡಿಮೆಯಾದರೆ ಹಿಮ್ಮಡಿ ಕುಸಿದು ಪಾದದ ಮೇಲಿನ ನರ ಒತ್ತಿ, ಹತ್ತು ನಿಮಿಷಕ್ಕೆ ಕಾಲು ಜೋಮು ಹಿಡಿಯುತ್ತದೆ. ಜೋಮು ಹಿಡಿದ ಕಾಲಿನಿಂದ ಎದ್ದು ಪ್ರೋನ್‌ಗೆ ಹೋಗಿ ನೋಡಿ, ಗೊತ್ತಾಗುತ್ತದೆ.

ಕೂತಾಗ ಬೆನ್ನುಮೂಳೆಯ ಬುಡ ನೇರ ಹಿಮ್ಮಡಿಯ ಮೇಲೆ ಬರಬೇಕು. ಮೈಭಾರದ ದೊಡ್ಡ ಪಾಲು ಅಲ್ಲಿಗೇ ಇಳಿಯಬೇಕು. ಹಿಮ್ಮಡಿಗೂ ಕುಂಡೆಗೂ ನಡುವೆ ಪ್ಯಾಂಟಿನ ಬಟ್ಟೆ ಮಾತ್ರ ಇರಬೇಕೆಂಬುದು ನಿಯಮ. ಜಾಕೆಟಿನ ಅಂಚು ಸಿಕ್ಕಿಕೊಂಡರೆ ಜ್ಯೂರಿ ಎಬ್ಬಿಸುತ್ತಾರೆ. ಎಡಮೊಣಕಾಲಿನಿಂದ ಪಾದದವರೆಗಿನ ಮೂಳೆ ಮುಂದಿನಿಂದ ನೋಡಿದರೆ ಕಂಬದಂತೆ ನೆಟ್ಟಗಿರಬೇಕು, ಪಾದ ತುಸು ಒಳಕ್ಕೆ ತಿರುಗಿರಬೇಕು. ಮೊಣಕೈಯ ಚೂಪನ್ನು ಮಂಡಿಚಿಪ್ಪಿನ ತುದಿಯ ಮೇಲೆ ಇಡುವುದು ಎಲ್ಲರೂ ಮಾಡುವ ತಪ್ಪು. ಗುಂಡಗಿನ ಮೇಲೆ ಗುಂಡಗು ನಿಲ್ಲುವುದಿಲ್ಲ. ಚಪ್ಪಟೆ ಭಾಗಕ್ಕೆ ಚಪ್ಪಟೆ ಭಾಗ ಕೂರುವವರೆಗೆ ಹಿಂದೆಮುಂದೆ ಸರಿಸಿ. ಮಂಡಿಯ ತುದಿಯಿಂದ ಮುಂದಕ್ಕೆ 10, ಹಿಂದಕ್ಕೆ 15 ಸೆಂ.ಮೀ. ತನಕ ನಿಯಮ ಬಿಡುತ್ತದೆ.

ಇನ್ನು ಎನ್‌ಪಿಎ, ಅಂದರೆ ಬಲ ಹಾಕದೆ ಮೈ ತಾನಾಗಿ ನೋಡುವ ದಿಕ್ಕು. ಗುರಿ ಹಿಡಿದು ಕಣ್ಣು ಮುಚ್ಚಿ, ಎರಡು ಉಸಿರು ಬಿಟ್ಟು, ಭುಜ ಸಡಿಲಿಸಿ ಕಣ್ಣು ತೆರೆಯಿರಿ. ಫೋರ್‌ಸೈಟಿನ ರಿಂಗ್ ಗುರಿಯ ನಡುವಿನ ಕಪ್ಪು ವೃತ್ತದಿಂದ ಪಕ್ಕಕ್ಕೆ ಹೋಗಿದ್ದರೆ ಕೈಯಿಂದ ಎಳೆದು ತರಬೇಡಿ. ನೀಲಿಂಗ್‌ನಲ್ಲಿ ರೋಲನ್ನೇ ಗೂಟ ಮಾಡಿಕೊಂಡು ಇಡೀ ಮೈ ತಿರುಗಿಸಿ. ಪ್ರೋನ್‌ನಲ್ಲಿ ಎಡಮೊಣಕೈ ಕದಲದೆ ಸೊಂಟ ಸರಿಸಿ. ಮೇಲೆ ಕೆಳಗೆ ತಪ್ಪಿದ್ದರೆ, ಎಡಗೈ ಮುಂದೆ ಜಾರದಂತೆ ತಡೆಯುವ ಹ್ಯಾಂಡ್‌ಸ್ಟಾಪ್ ಸರಿಸಿ. ಮುಂದೆ ತಳ್ಳಿದರೆ ನಳಿಗೆ ಇಳಿಯುತ್ತದೆ, ಹಿಂದೆ ಎಳೆದರೆ ಏರುತ್ತದೆ. ಒಮ್ಮೆಗೆ 2 ಮಿ.ಮೀ.ಗಿಂತ ಹೆಚ್ಚು ನಾನು ಸರಿಸುವುದಿಲ್ಲ. ಎಳೆದು ತಂದು ಹೊಡೆದವರ ಗುಂಡು ಎಳೆಯುವ ಮುಂಚೆ ರಿಂಗ್ ಎಲ್ಲಿತ್ತೋ ಆ ಕಡೆಗೇ ಬೀಳುತ್ತದೆ. ಟ್ರಿಗರ್ ಬಿಡುವ ಕ್ಷಣಕ್ಕೆ ಸ್ನಾಯು ಸಡಿಲವಾಗುವುದೇ ಕಾರಣ.

ಗುರಿಯ ಮೇಲೆ ಬಿದ್ದ ಗುಂಡುಗಳ ಗುಂಪಿನ ಆಕಾರ ನೋಡಿದರೆ ದೋಷ ಎಲ್ಲಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಅಡ್ಡಕ್ಕೆ ಉದ್ದವಾಗಿದ್ದರೆ, ಗಾಳಿ ಇಲ್ಲವೆಂದು ಖಾತ್ರಿಯಾದ ಮೇಲೆ, ರೋಲ್ ಅಥವಾ ಎಡಪಾದ ನೋಡಿ. ನೆಟ್ಟಗೆ ಉದ್ದವಾಗಿದ್ದರೆ ಉಸಿರು ಒಂದೇ ಮಟ್ಟದಲ್ಲಿ ನಿಲ್ಲುತ್ತಿಲ್ಲ, ಇಲ್ಲವೇ ಸ್ಲಿಂಗ್ ತಪ್ಪು ಜಾಗದಲ್ಲಿದೆ. ತೋಳಿನ ಒಳಬದಿಯ ರಕ್ತನಾಳ ಒತ್ತಿದರೆ ಎದೆಬಡಿತದ ತಾಳಕ್ಕೆ ಫೋರ್‌ಸೈಟ್ ಕುಣಿಯುತ್ತದೆ. ಸ್ಲಿಂಗನ್ನು ತೋಳಿನ ಹೊರಬದಿಗೆ ತಿರುಗಿಸಿ, ಮೇಲಕ್ಕೇರಿಸಿ, ಜಾಕೆಟಿನ ಕೊಕ್ಕೆಗೆ ಸಿಕ್ಕಿಸಿ. ಚರ್ಮದ ಸ್ಲಿಂಗ್ ಮಳೆಗಾಲದಲ್ಲಿ ಹಿಗ್ಗುತ್ತದೆ. ನಿನ್ನೆಯ ತೂತು ಇಂದು ಸಡಿಲ ಅನ್ನಿಸಿದರೆ ಅನುಮಾನ ಬೇಡ, ಸಡಿಲವೇ ಇರುತ್ತದೆ.

ಪ್ರೋನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಂಗೈ ನೆಲಕ್ಕೆ 30 ಡಿಗ್ರಿಗಿಂತ ಕಡಿಮೆ ಆಗಬಾರದು, ಬಲಮೊಣಕಾಲು ಮಡಿಚಿದರೆ ಹೊಟ್ಟೆ ನೆಲ ಬಿಟ್ಟು ಉಸಿರು ಹಗುರಾಗುತ್ತದೆ. ಗುಂಡುಗಳು ಒಂದೊಂದಾಗಿ ಕೆಳಗಿಳಿಯುತ್ತಿದ್ದರೆ ಎಡಮೊಣಕೈ ಮ್ಯಾಟಿನ ಮೇಲೆ ಜಾರುತ್ತಿದೆ. ಸೈಟ್ ಕ್ಲಿಕ್ ತಿರುಗಿಸಿ ಸರಿಪಡಿಸಬೇಡಿ, ಮೊಣಕೈ ಎತ್ತಿ ಮತ್ತೆ ಊರಿ.

ಅಂಕ ಹೋಗುವುದು ಸ್ಟ್ಯಾಂಡಿಂಗ್‌ನಲ್ಲಿ. ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರಲ್ಲ, ಅರ್ಹತಾ ಸುತ್ತಿನ ಅವರ 590ರಲ್ಲಿ ನೀಲಿಂಗ್ 198, ಪ್ರೋನ್ 197, ಸ್ಟ್ಯಾಂಡಿಂಗ್ 195. ಅಂಥವರಿಗೂ ಅಲ್ಲೇ ಕಡಿಮೆ. ಇಲ್ಲಿ ಸ್ಲಿಂಗ್ ಇಲ್ಲ; ಎಡಸೊಂಟ ಗುರಿಯ ಕಡೆ ತಳ್ಳಿ, ಅದರ ಮೂಳೆಯ ಮೇಲೆ ಮೊಣಕೈ ಕೂರಿಸಿ, ಬೆನ್ನನ್ನು ಹಿಂದಕ್ಕೆ ಬಾಗಿಸಿ ರೈಫಲ್ಲಿನ ಭಾರ ಸರಿದೂಗಿಸಬೇಕು. ಮೊಣಕೈ ಸೊಂಟಕ್ಕೆ ಮುಟ್ಟದಿದ್ದರೆ ಪಾಮ್‌ರೆಸ್ಟ್ (ರೈಫಲ್ಲಿನ ಕೆಳಗೆ ಅಂಗೈ ಊರುವ ಆಸರೆ) ಇಳಿಸಿ, ಭುಜ ಕುಗ್ಗಿಸಬೇಡಿ. ಫೋರ್‌ಸೈಟ್ ರಿಂಗ್ ಚಿಕ್ಕದಿದ್ದರೆ ಸಣ್ಣ ಅಲುಗಾಟವೂ ದೊಡ್ಡದಾಗಿ ಕಂಡು ಬೆರಳು ಗಾಬರಿಯಾಗುತ್ತದೆ. ಪ್ರೋನ್‌ಗಿಂತ ಸ್ಟ್ಯಾಂಡಿಂಗ್‌ಗೆ ನಾನು ಎರಡು ಮೂರು ಹತ್ತಂಶ ಮಿಲಿಮೀಟರ್ ದೊಡ್ಡ ರಿಂಗ್ ಇಡುತ್ತೇನೆ. ರಿಂಗ್ ನಿಂತ ಮೇಲೆ 5ರಿಂದ 8 ಸೆಕೆಂಡಿನಲ್ಲಿ ಗುಂಡು ಹೋಗಬೇಕು. ಹೋಗದಿದ್ದರೆ ರೈಫಲ್ ಇಳಿಸಿ. ಇಳಿಸಲು ಮನಸ್ಸು ಬಾರದ್ದಕ್ಕೇ ಎಂಟು ಬೀಳುವುದು.

ರೂಮಿನಲ್ಲಿ ದಿನಾ 30 ನಿಮಿಷ ಡ್ರೈ ಫೈರ್, ಅಂದರೆ ಗುಂಡಿಲ್ಲದೆ ಹೊಡೆಯುವ ಅಭ್ಯಾಸ, ಸಾಕು, ಅದರಲ್ಲಿ ಅರ್ಧ ಸ್ಟ್ಯಾಂಡಿಂಗ್‌ಗೆ. ಮೊದಲು ಬೋಲ್ಟ್ ತೆಗೆದು ಚೇಂಬರ್ ಖಾಲಿ ಎಂದು ಕಣ್ಣಿಂದ ನೋಡಿ, ಗುಂಡಿನ ಡಬ್ಬಿ ಬೇರೆ ಕಡೆ ಇಡಿ.

ಪಂದ್ಯದ 90 ನಿಮಿಷದಲ್ಲಿ ಪೊಸಿಷನ್ ಬದಲಾವಣೆಯ ಸಮಯವೂ ಸೇರಿದೆ. ನನ್ನ ಲೆಕ್ಕ: ನೀಲಿಂಗ್ 25, ಬದಲಾವಣೆ 6, ಪ್ರೋನ್ 15, ಬದಲಾವಣೆ 8, ಉಳಿದದ್ದು ಸ್ಟ್ಯಾಂಡಿಂಗ್‌ಗೆ. ಬದಲಾವಣೆ ಬೇಗ ಆಗಬೇಕೆಂದರೆ ಬಟ್‌ಪ್ಲೇಟ್ (ಭುಜಕ್ಕೆ ಒತ್ತುವ ಭಾಗ), ಚೀಕ್‌ಪೀಸ್ (ಕೆನ್ನೆ ಊರುವ ಭಾಗ), ಹ್ಯಾಂಡ್‌ಸ್ಟಾಪ್‌ನ ಮೂರೂ ಪೊಸಿಷನ್ ಅಳತೆಗಳನ್ನು ಸ್ಟಾಕಿನ ಮೇಲೆ ಟೇಪ್ ಅಂಟಿಸಿ ಪರ್ಮನೆಂಟ್ ಮಾರ್ಕರಿನಲ್ಲಿ ಬರೆದಿಡಿ. ಪೆನ್ಸಿಲ್ಲಿನಲ್ಲಿ ಬರೆದದ್ದು ಬೆವರಿಗೆ ಅಳಿಸಿಹೋಗುತ್ತದೆ.